ಭರಣಿ ತುಂಬಿದ್ದ ಶುಕ್ರವಾರ

"ಮಾತೆ ಅತ್ತಳಾ?"

ಬಾಗಿಲಾಚೆ ಆ ಧ್ವನಿ ಕೇಳಿದ್ದೇ ತಡ, ಎರ್ಲಿಂದಾಳ ಕೈಯಲ್ಲಿದ್ದ ಸೌಟು ಗಾಜಿನ ಭರಣಿಯೊಳಗೇ ನಿಂತುಬಿಟ್ಟಿತು.

ಬೆಳಿಗ್ಗೆಯಿಂದ ಓಣಿಯ ಅರ್ಧ ಜನ ಇದೇ ಪ್ರಶ್ನೆ ಕೇಳಿ ಹೋಗಿದ್ದರು. ಶಿಲುಬೆಗೇರಿದ ಮಗನಿಗಾಗಿ ಅತ್ತ ವ್ಯಾಕುಲ ಮಾತೆಯ ಶುಕ್ರವಾರ, ಮೆಕ್ಸಿಕೋದ ನಮ್ಮ ಗ್ವಾನಹ್ವಾತೊ ಊರಲ್ಲಿ ಯಾರು ಯಾರ ಬಾಗಿಲಿಗೆ ಬಂದು ಹಾಗೆ ಕೇಳಿದರೂ, ಮನೆಯವರು 'ಅತ್ತಳು' ಎಂದು ಒಂದು ಲೋಟ ಚಿಯಾ ನೀರು, ಅಂದರೆ ಚಿಯಾ ಬೀಜ ನೆನೆಸಿದ ನಿಂಬೆ ಪಾನಕ, ಕೊಡಲೇಬೇಕು. ಅದು ಮಾತೆಯ ಕಣ್ಣೀರು. ಜಗಳವಾಡಿ ಮಾತು ಬಿಟ್ಟವರು ಬಂದರೂ ಇಲ್ಲ ಎನ್ನುವಂತಿಲ್ಲ.

ಆದರೆ ಈ ಧ್ವನಿಗೆ...?

'ಎಫ್ರೆನ್! ಯಾವ ಮುಖ ಹೊತ್ತು ಬಂದ ಇವನು?'

ಹೋದ ವರ್ಷ ಇದೇ ಶುಕ್ರವಾರ ಬರುತ್ತೇನೆಂದು ಮಾತು ಕೊಟ್ಟಿದ್ದ. 'ಹೂ ತಗೊಂಡು ಬರ್ತೀನಿ. ನಿನ್ನ ಕೈಯಿಂದ ನೀರು ಕುಡಿದು, ದೊಡ್ಡಮ್ಮನ ಹತ್ರ ನಿನ್ನನ್ನ ಕೇಳ್ತೀನಿ' ಎಂದಿದ್ದ. ಎರ್ಲಿಂದಾ ಹೊಸ ಉಡುಪು ತೊಟ್ಟು ಕಾದಿದ್ದಳು. ಅಷ್ಟರಲ್ಲಿ ಅವಳನ್ನು ಸಾಕಿದ ದೊಡ್ಡಮ್ಮ ಮಂಜುಗಡ್ಡೆ ತರಲು ಕಳಿಸಿದರು. ಅದನ್ನು ಹೆಗಲ ಮೇಲೆ ಹೊತ್ತು ಓಣಿಯ ಮೆಟ್ಟಿಲು ಹತ್ತಿ ಬರುತ್ತಿದ್ದವಳಿಗೆ ಕಂಡದ್ದೇನು? ಎಫ್ರೆನ್ ಆ ಹೂಗೊಂಚಲನ್ನು ಪಕ್ಕದ ಮನೆಯ ಒತೀಲಿಯಾಳ ಕೈಗೆ ಕೊಡುತ್ತಿದ್ದ.

ಹಬ್ಬದ ಬೆಳಿಗ್ಗೆ ಹುಡುಗ ಹುಡುಗಿಗೆ ಹೂ ಕೊಟ್ಟರೆ ನಮ್ಮೂರಲ್ಲಿ ಅರ್ಥ ಕೇಳುವ ಅಗತ್ಯವಿಲ್ಲ. ಎರ್ಲಿಂದಾ ಅಲ್ಲೇ ನಿಂತಳು. ಮಂಜುಗಡ್ಡೆ ಕರಗಿ ಹೊಸ ಉಡುಪೆಲ್ಲ ತೊಯ್ದರೂ ಅವಳಿಗೆ ತಿಳಿಯಲಿಲ್ಲ.

ಆಮೇಲೆ ಅವನೂ ಇತ್ತ ತಲೆಹಾಕಲಿಲ್ಲ. ಬೆಟ್ಟದಾಚೆಯ ಮಾವನ ಕುಂಬಾರಿಕೆಯ ಕೆಲಸಕ್ಕೆ ಸೇರಿಕೊಂಡ. ಎಲ್ಲಾದರೂ ಎದುರಾದರೆ ಇವಳು ರಸ್ತೆ ದಾಟಿ ಆ ಬದಿಗೆ ಹೋಗುತ್ತಿದ್ದಳು.

"ಬಾಗಿಲು ಹಾಕು," ಎಂದರು ದೊಡ್ಡಮ್ಮ ಚೋನಾ. ಹಬ್ಬಕ್ಕೆಂದು ಮನೆಯೊಳಗೆ ಸಿಂಗರಿಸಿದ ಮಾತೆಯ ಪೀಠದ ಮುಂದೆ ಕೂತು ಹುಳಿ ಕಿತ್ತಳೆಗಳಿಗೆ ಬಂಗಾರದ ಕಾಗದದ ಬಾವುಟ ಚುಚ್ಚುತ್ತಿದ್ದ ಅವರ ದನಿಯಲ್ಲಿ ಎಂದೂ ಇಲ್ಲದ ಅವಸರವಿತ್ತು.

"ಇವತ್ತು ಬಾಗಿಲು ಹಾಕಬಾರದು ಅಂತ ಕಲಿಸಿದ್ದು ನೀವೇ."

ಅವಳು ಬಾಗಿಲನ್ನು ಪೂರ್ತಿ ತೆರೆದಳು.

ಎಫ್ರೆನ್ ಸೊರಗಿದ್ದ. ಉಗುರಿನ ಸಂದಿಯಲ್ಲಿ ಅದೇ ಕೆಂಪು ಮಣ್ಣು. ಕೈ ಬರಿದಾಗಿತ್ತು.

"ಹೂವೆಲ್ಲಿ? ಒತೀಲಿಯಾ ಬಸ್ ಡ್ರೈವರನ್ನ ಕಟ್ಕೊಂಡು ಮೆಕ್ಸಿಕೋ ನಗರಕ್ಕೆ ಹೋದ್ಲಲ್ಲ... ಈ ಸಲ ಯಾರಿಗೆ ಕೊಟ್ಟು ಬಂದೆ?"

ಅವನ ಕಣ್ಣು ಅವಳನ್ನು ದಾಟಿ ಪೀಠದ ಮೇಲೆ ನೆಟ್ಟಿತ್ತು. ಅಲ್ಲಿ ನೇರಳೆ ಬಟ್ಟೆಯ ಮೇಲೆ ಮಣ್ಣಿನ ಕುರಿಮರಿಯೊಂದು ಕೂತಿತ್ತು. ಅದರ ಮೈತುಂಬ ಚಿಯಾ ಮೊಳಕೆ ಹಸಿರು ಉಣ್ಣೆಯ ಹಾಗೆ ಎದ್ದಿತ್ತು.

"ನಾನು ಮಾಡಿಕೊಟ್ಟಿದ್ದು... ಇನ್ನೂ ಇಟ್ಟಿದೀಯಾ?"

"ಮಣ್ಣೇನು ತಪ್ಪು ಮಾಡಿತ್ತು?"

ಹೇಳಿದ ಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಅದನ್ನು ಒಡೆಯಲೆಂದು ಎಷ್ಟೋ ಸಲ ಎತ್ತಿದ್ದಳು. ಕೊನೆಗೆ ನೀರಲ್ಲಿ ತೋಯಿಸಿ, ಬೀಜ ಮೆತ್ತಿ, ಮಂಚದಡಿಯ ಕತ್ತಲಲ್ಲಿಟ್ಟು ಮೊಳಕೆ ಬರಿಸಿದ್ದಳು. ಅದನ್ನೆಲ್ಲ ಇವನಿಗೆ ಹೇಳುವವರಾರು?

ಅವಳು ಲೋಟ ತುಂಬಿ ಮುಂದೆ ಹಿಡಿದಳು. "ಕುಡಿ, ಹೋಗು. ಸಂಪ್ರದಾಯಕ್ಕೆ ಕೊಡ್ತಿದೀನಿ, ನಿನಗಲ್ಲ."

ಎಫ್ರೆನ್ ಕೈ ಚಾಚಲಿಲ್ಲ.

"ಹೋದ ವರ್ಷ ಇಲ್ಲ ಅಂದೆ. ಈ ವರ್ಷ ಹೆಂಗೆ ಕೊಡ್ತಿದೀಯಾ?"

"ನಾನು ಯಾವಾಗ ಇಲ್ಲ ಅಂದೆ?"

"ನೀನೇ ಬಂದು ಹೇಳಲಿಲ್ಲ, ಹೇಳಿ ಕಳಿಸಿದೆ. ನಾನು ಇದೇ ಹೊಸ್ತಿಲಲ್ಲಿ ಹೂ ಹಿಡ್ಕೊಂಡು ನಿಂತು ಕೇಳಿದೆ. 'ಇನ್ನೂ ಅತ್ತಿಲ್ಲ. ಎರ್ಲಿಂದಾ ಒಳಗೇ ಇದಾಳೆ, ನಿನಗೆ ನೀರು ಕೊಡಬೇಡಿ ಅಂದಿದಾಳೆ' ಅಂದ್ರು. ಮದುವೆ ಕೇಳೋಕೆ ಬಂದವನಿಗೆ ಒಂದು ಲೋಟ ನೀರೂ ಇಲ್ಲ ಅಂದ್ಮೇಲೆ ಇನ್ನೇನು ಕೇಳ್ಲಿ?"

"ಯಾರು ಅಂದ್ರು?"

ಅವನು ತಲೆ ತಗ್ಗಿಸಿದ. ಒಳಗೆ ಒಂದು ಕಿತ್ತಳೆ ಕೆಳಗೆ ಬಿದ್ದು ಬಾಗಿಲವರೆಗೂ ಉರುಳಿ ಬಂತು.

ಎರ್ಲಿಂದಾ ನಿಧಾನವಾಗಿ ತಿರುಗಿದಳು. 'ಬೇಡ ದೇವರೇ... ಇವರಲ್ಲ. ಬೇರೆ ಯಾರಾದರೂ ಆಗಿರಲಿ...'

"ಬೀಜ ನೆಂದಿರಲಿಲ್ಲ ಕಣೇ," ಎಂದರು ದೊಡ್ಡಮ್ಮ. "ನೀರು ಇನ್ನೂ ಆಗಿಲ್ಲ, ಆಮೇಲೆ ಬಾ ಅಂದೆ ಅಷ್ಟೇ. ಇವನು ಏನೋ ತಿಳ್ಕೊಂಡ."

"ಬೀಜ ನೆನೆಹಾಕಿದ್ದು ನಾನು ದೊಡ್ಡಮ್ಮ. ಹಿಂದಿನ ದಿನ ಸಂಜೇನೇ ಹಾಕಿದ್ದೆ. ಬೆಳಿಗ್ಗೆ ಹೊತ್ತಿಗೆ ಒಂದೊಂದು ಕಾಳಿನ ಸುತ್ತಲೂ ಲೋಳೆ ಕಟ್ಟಿ ಭರಣಿ ತುಂಬ ಊದಿಕೊಂಡಿತ್ತು. ನಿಂಬೆ ಹಿಂಡಿ, ಸಿಪ್ಪೆ ತುರಿದು ಹಾಕಿದ್ದೆ. ರುಚಿ ನೋಡಿ ಸಕ್ಕರೆ ಸಾಕು ಅಂದಿದ್ದು ನೀವೇ."

ದೊಡ್ಡಮ್ಮ ಕೈಯಲ್ಲಿದ್ದ ಬಂಗಾರದ ಕಾಗದವನ್ನು ಮುದುಡಿದರು.

"ಮಂಜುಗಡ್ಡೆಗೆ ನನ್ನ ಕಳಿಸಿದ್ದೂ... ಅದಕ್ಕೇನಾ?"

"ಹೌದು," ಎಂದರು ಅವರು ಕೊನೆಗೆ. "ನಿಮ್ಮಮ್ಮನೂ ಹೀಗೇ ಒಬ್ಬ ತಂದ ಹೂ ಹಿಡ್ಕೊಂಡು ಹೋದ್ಲು. ವಾಪಸ್ ಬಂದಾಗ ನೀನು ಹೊಟ್ಟೇಲಿದ್ದೆ, ಅವನಿರಲಿಲ್ಲ. ಇನ್ನೊಂದ್ಸಲ ಅದನ್ನ ನೋಡೋ ಶಕ್ತಿ ನನಗಿರಲಿಲ್ಲ ಕಂದ."

"ಹಂಗಂತ ನನಗೇ ಹೇಳಬಹುದಿತ್ತು."

ಎರ್ಲಿಂದಾಳ ಧ್ವನಿ ಏರಲಿಲ್ಲ. ಏರಿದ್ದರೆ ದೊಡ್ಡಮ್ಮನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ಇವನು ಮೋಸ ಮಾಡ್ದ ಅಂತ ನಾನು ನಿಮ್ಮ ಮಡಿಲಲ್ಲೇ ಅತ್ತೆ. ನೀವು ತಲೆ ಸವರಿದ್ರಿ. 'ಗಂಡಸ್ರೆಲ್ಲ ಇಷ್ಟೇ' ಅಂದ್ರಿ. ಅಳಿಸಿದವರೂ ನೀವೇ, ಕಣ್ಣೊರೆಸಿದವರೂ ನೀವೇ. ಹೆಂಗೆ ಮನಸ್ಸು ಬಂತು ದೊಡ್ಡಮ್ಮ?"

ಎಫ್ರೆನ್ ಒಂದು ಹೆಜ್ಜೆ ಒಳಗಿಟ್ಟ.

"ನೀನು ಅಲ್ಲೇ ನಿಲ್ಲು. ನಿನ್ನದೇನು ಕಮ್ಮಿ ಇಲ್ಲ. ಒತೀಲಿಯಾಗೆ ಹೂ ಯಾಕೆ ಕೊಟ್ಟೆ?"

"ಬೇಡ ಅಂದ ಹೂವನ್ನ ಓಣಿ ಉದ್ದಕ್ಕೂ ವಾಪಸ್ ಹೊತ್ಕೊಂಡು ಹೋದ್ರೆ ಎಲ್ಲಾರೂ ನಗ್ತಿದ್ರು. ಪಕ್ಕದ ಬಾಗಿಲಲ್ಲಿ ಅವಳು ನಿಂತಿದ್ಲು, ಅವಳ ಕೈಗೆ ತುರುಕಿ ಓಡಿಹೋದೆ."

"ನಾಚಿಕೆ ದೊಡ್ಡದಾಯ್ತು, ನಾನು ಚಿಕ್ಕವಳಾದೆ. ಒಂದೇ ಒಂದ್ಸಲ ಎದುರಿಗೆ ಬಂದು ಕೇಳೋಕೆ ಆಗಲಿಲ್ವಾ ನಿನಗೆ?"

"ಕೇಳೋಕಂತಲೇ ಇವತ್ತು ಬಂದೆ. ಬೇರೆ ದಿನ ಬಂದ್ರೆ ನೀನು ಬಾಗಿಲು ತೆಗೀತಿರಲಿಲ್ಲ."

ಅದು ನಿಜವೇ. ಅದಕ್ಕೇ ಅವಳಿಗೆ ಇನ್ನಷ್ಟು ಅಳು ಬಂತು.

"ಮಾತೆ ಅತ್ತಳಾ?"

ಮೂವರೂ ಬೆಚ್ಚಿದರು. ಎಫ್ರೆನ್‌ನ ಬೆನ್ನ ಹಿಂದೆ ಮೇಲಿನ ಮನೆಯ ಮುದುಕ ಫಿದೆನ್ಸಿಯೊ ತನ್ನದೇ ದೊಡ್ಡ ಲೋಟ ಹಿಡಿದು ನಿಂತಿದ್ದ. ಲೋಕ ಮುಳುಗಿದರೂ ಸಂಪ್ರದಾಯ ಬಿಡುವಂತಿಲ್ಲವಲ್ಲ! ಎರ್ಲಿಂದಾ ತೋಳಿನಿಂದ ಕಣ್ಣೊರೆಸಿಕೊಂಡು ಅವನ ಲೋಟ ತುಂಬಿಸಿದಳು.

ಮುದುಕ ಅವಳ ಮುಖ ನೋಡಿದ, ಎಫ್ರೆನ್‌ನನ್ನು ನೋಡಿದ. "ಈ ಮನೇಲಿ ಮಾತೆ ಜೋರಾಗೇ ಅತ್ತಂಗಿದೆ," ಎಂದು ಗಟಗಟನೆ ಕುಡಿದು, ಇನ್ನೊಮ್ಮೆ ತುಂಬಿಸಿಕೊಂಡು ಹೊರಟುಹೋದ.

ಆಗ ಪೀಠದ ಕಡೆಯಿಂದ ಬಹಳ ಸಣ್ಣ ದನಿ ಬಂತು.

"ಮಾತೆ ಅತ್ತಳಾ?"

ದೊಡ್ಡಮ್ಮ ಎದ್ದು ನಿಂತಿದ್ದರು. ತಮ್ಮದೇ ಮನೆಯಲ್ಲಿ, ದಾರಿಹೋಕರ ಹಾಗೆ ಕೈ ಚಾಚಿಕೊಂಡು.

ಎಫ್ರೆನ್‌ಗೆಂದು ತುಂಬಿದ್ದ ಲೋಟ ಹಾಗೇ ಇತ್ತು. ಮುದುಕ ಎರಡು ಸಲ ತುಂಬಿಸಿಕೊಂಡ ಮೇಲೆ ಭರಣಿಯಲ್ಲಿ ಇನ್ನೇನೂ ಉಳಿದಿರಲಿಲ್ಲ.

'ಇಲ್ಲ' ಎಂದುಬಿಡಬಹುದಿತ್ತು. ಆದರೆ ಆ ಮಾತು ಏನು ಮಾಡುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಅತ್ತಳು," ಎಂದು ಆ ಲೋಟವನ್ನು ದೊಡ್ಡಮ್ಮನ ಕೈಗಿಟ್ಟಳು. ಮುಖ ನೋಡಲಿಲ್ಲ. ಅದಕ್ಕಿನ್ನೂ ಬಹಳ ದಿನ ಬೇಕಿತ್ತು. ದೊಡ್ಡಮ್ಮ ಲೋಟ ಹಿಡಿದು ಒಳಗೆ ಹೋಗಿ ಕೂತರು.

ಎರ್ಲಿಂದಾ ಭರಣಿ ತೊಳೆದಳು. ಹೊಸ ನೀರು ಸುರಿದು, ಒಂದು ಹಿಡಿ ಚಿಯಾ ಬೀಜ ಹಾಕಿ, ಭರಣಿಯನ್ನು ತಂದು ಎಫ್ರೆನ್‌ನ ಮುಂದಿಟ್ಟಳು. ಸೌಟನ್ನು ಅವನ ಕೈಗೆ ಕೊಟ್ಟಳು.

"ಕಲಕ್ತಾ ಇರು. ಬಿಟ್ರೆ ಗಂಟು ಕಟ್ಟುತ್ತೆ."

ಅವನು ಹೊಸ್ತಿಲ ಮೇಲೆ ಕೂತು ಕಲಕತೊಡಗಿದ. ಅವಳು ಪಕ್ಕದಲ್ಲಿ, ಸ್ವಲ್ಪ ಅಂತರ ಬಿಟ್ಟು ಕೂತು ನಿಂಬೆ ಹೆಚ್ಚಿದಳು.

"ಎಷ್ಟು ಹೊತ್ತು ಕಾಯ್ಬೇಕು?"

"ಊದಿಕೊಳ್ಳೋ ತನಕ. ಯಾರಾದ್ರೂ ಬಂದು 'ಇನ್ನೂ ಅತ್ತಿಲ್ಲ, ಹೋಗು' ಅಂದ್ರೆ ಏನು ಮಾಡ್ತೀಯಾ?"

"ಹೋಗಲ್ಲ. ನಿನ್ನ ಹೆಸರು ಹಿಡಿದು ಕೂಗ್ತೀನಿ. ಓಣಿಯೆಲ್ಲ ನಗಲಿ."

"ಕೂಗು ನೋಡೋಣ."

"ಎರ್ಲಿಂದಾ..." ಅವನ ಕೈಯ ಸೌಟು ನಿಂತಿತು. "ನನ್ನ ಮದುವೆ ಆಗ್ತೀಯಾ?"

ಅವಳು ನಿಂಬೆಯ ಕೈಯಲ್ಲೇ ಕಣ್ಣು ಮುಟ್ಟಿಕೊಂಡಳು. ಉರಿಯಿತು. ಆ ಉರಿಯಲ್ಲೇ, ವರ್ಷದ ನಂತರ ಮೊದಲ ಸಲ, ಅವಳಿಗೆ ನಗು ಬಂತು.

"ಆಗ್ತೀನಿ. ಕಲಕೋದು ನಿಲ್ಲಿಸಬೇಡ."