ಹಾಲಿನ ಸಕ್ಕರೆ

ಚಾಕು ಪಕ್ಕೆಗೆ ತಾಗಿದಾಗ ನನ್ನ ಒಂದು ಕಾಲು ಇನ್ನೂ ಬಸ್ಸಿನ ಮೆಟ್ಟಿಲ ಮೇಲಿತ್ತು.

ಕೊಚ್ಚಿಯ ವೈಟ್ಟಿಲ. ನಡು ಮಧ್ಯಾಹ್ನ. ಸುತ್ತ ಜನ... ಒಬ್ಬರೂ ತಿರುಗಿ ನೋಡಲಿಲ್ಲ!

"ಆ ಹಳದಿ ಕಾಗದ ಕೊಡು ಗಣಪಣ್ಣ. ಕೊಟ್ಟು ವಾಪಸ್ ಟ್ರಿವೇಂಡ್ರಂ ಬಸ್ ಹತ್ತು."

ಶಂಭು. ರತ್ನಾಕರನ ಬಾಡಿಗೆ ರೌಡಿ.

"ಕೊಡದಿದ್ರೆ?"

"ಕೊಟ್ರೂ ಅಷ್ಟೇ ಮಾರಾಯ. ನೀನು ಮುಟ್ಟೋದ್ರೊಳಗೆ ಅವಳಿಗೆ ಡಬಲ್ ಡೋಸ್ ಆಗಿರ್ತದೆ."

ನಕ್ಕ. ನಗಬಾರದಿತ್ತು.

ಅವನ ಮುಂಗೈ ಹಿಡಿದು ಬಸ್ಸಿನ ಬಾಗಿಲ ಸಂದಿಗೆ ತುರುಕಿದೆ. ಬಾಗಿಲು ಎಳೆದೆ. ಬೆರಳು ಮುರಿದ ಸದ್ದು ಒಣ ಕಡ್ಡಿ ಮುರಿದ ಹಾಗಿತ್ತು. ಖುಷಿಯಾಯಿತು... ಸುಳ್ಳು ಯಾಕೆ ಹೇಳಲಿ?

ಪೆಟ್ರೋಲ್ ಬಂಕಿನಿಂದ ಇನ್ಸ್‌ಪೆಕ್ಟರ್ ನಿತ್ಯಾನಂದನಿಗೆ ಫೋನ್ ಮಾಡಿದೆ. ನಮ್ಮ ಕಾಸರಗೋಡಿನವನು. ರತ್ನಾಕರನ ಮನೆ ಹಿತ್ತಲಿಗೆ ಬಂದು ಸುಮ್ಮನೆ ನಿಂತು ಕೇಳು ಅಂದೆ.

ಟ್ಯಾಕ್ಸಿ ಹತ್ತಿದೆ. ಹಿಂದೆ ಶಂಭುವಿನ ಜೀಪ್! ರೈಲ್ವೆ ಗೇಟ್ ಇಳಿಯುತ್ತಿತ್ತು. ನಾವು ನುಗ್ಗಿದೆವು. ಜೀಪ್ ಗೇಟಿಗೆ ಗುದ್ದಿತು.

ಈಗ ಕಾಗದದ ವಿಷಯ ಕೇಳಿ.

ಬೆಳಿಗ್ಗೆ ತಿರುವನಂತಪುರದ ಲ್ಯಾಬ್‌ನಲ್ಲಿ ಅದನ್ನು ನನಗೆ ಕೊಟ್ಟವಳು ಅಲ್ಲೇ ಕೆಲಸ ಮಾಡುವ ನಮ್ಮೂರಿನ ವಿಜಯಶ್ರೀ. ಅವಳ ತಂಗಿ ಸೌದಾಮಿನಿ, ಹಸಿ ಬಾಣಂತಿ, ರತ್ನಾಕರನ ಹೆಂಡತಿ. ಅವನು ಫೋರ್ಟ್ ಕೊಚ್ಚಿಯ ಒಂದು ಹಡಗು ಕಂಪನಿಯ ಆಫೀಸರ್. ಯಜಮಾನನ ಮಗಳ ಮೇಲೆ ಕಣ್ಣು. ಅವನು ಹೆಂಡತಿಯ ಮೂತ್ರವನ್ನು ಡಾಕ್ಟರಿಗೆ ತೋರಿಸಿದ. ಡಾಕ್ಟರ್ ನೀಲಿ ದ್ರಾವಣ ಹಾಕಿ ಕುದಿಸಿದರು. ಕೆಂಪಾಯಿತು. ಶುಗರ್ ಇದೆ, ಇನ್ಸುಲಿನ್ ಕೊಡಿ ಅಂತ ಬರೆದುಬಿಟ್ಟರು.

ಅಂದಿನಿಂದ ಅವಳಿಗೆ ದಿನಾ ಬೆವರು, ನಡುಕ, ಮೂರ್ಛೆ.

"ಹಾಲೂಡಿಸುವವಳು ಗಣಪಣ್ಣ! ಹಾಲಿನ ಸಕ್ಕರೆ ಮೂತ್ರಕ್ಕೆ ಇಳಿದದ್ದು ಅಷ್ಟೇ. ನೀಲಿ ನೀರಿಗೆ ಎಲ್ಲ ಸಕ್ಕರೆಯೂ ಒಂದೇ. ಈ ಕಾಗದದಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಅಂತ ಎಂಜೈಮ್ ಉಂಟು. ಅದು ಗ್ಲೂಕೋಸ್ ಬಿಟ್ಟು ಬೇರೆ ಸಕ್ಕರೆ ಮುಟ್ಟೋದಿಲ್ಲ."

"ಒಂದೇ ಕೆಲಸ ಮಾಡುವ ಮನುಷ್ಯನ ಹಾಗೆ."

"ಒಂಟಿಯಾಗಿ ಅಲ್ಲ. ಜೊತೆಗೊಬ್ಬ ಕೋಫ್ಯಾಕ್ಟರ್ ಬೇಕು. ಅವನಿಲ್ಲದಿದ್ರೆ ಕೈಯೇ ಆಡೋದಿಲ್ಲ. ನೋಡಿ, ಹಸಿರಾದ್ರೆ ಗ್ಲೂಕೋಸ್. ಹಳದಿಯಾಗೇ ಉಳಿದ್ರೆ ಅವಳಿಗೆ ಶುಗರೇ ಇಲ್ಲ... ಇನ್ಸುಲಿನ್ ಕೊಟ್ಟು ಅವನು ಕೊಲ್ತಾ ಇದ್ದಾನೆ."

ಅವಳು ಅಷ್ಟಕ್ಕೆ ನಿಲ್ಲಬೇಕಿತ್ತು. ಸಿಟ್ಟಿನಲ್ಲಿ ರತ್ನಾಕರನಿಗೇ ಟ್ರಂಕ್ ಕಾಲ್ ಮಾಡಿ, ನಾನು ಬರುವುದೂ ಸೇರಿ ಎಲ್ಲ ಒದರಿಬಿಟ್ಟಿದ್ದಳು!

ಅವನ ಮನೆ ಬಾಗಿಲು ಒದ್ದು ಒಳಗೆ ಹೋದೆ.

ಸೌದಾಮಿನಿ ಮಂಚದ ಮೇಲೆ. ಒದ್ದೆ ಸೀರೆ, ತೆರೆದ ಕಣ್ಣು, ನೋಟ ಇಲ್ಲ. ಮಗು ಅರಚುತ್ತಿತ್ತು. ರತ್ನಾಕರನ ಕೈಯಲ್ಲಿ ಎರಡನೇ ಸಿರಿಂಜ್.

ಅದನ್ನು ಕಿತ್ತುಕೊಂಡೆ. ಜೊತೆಗೆ ತಂದಿದ್ದ ಗ್ಲೂಕೋಸನ್ನು ಲೋಟದಲ್ಲಿ ಕದಡಿ ಅವಳ ಬಾಯಿಗೆ ಹನಿಹನಿಯಾಗಿ ಹಾಕಿದೆ. ಮಂಚದ ಕೆಳಗಿನ ಬೆಡ್‌ಪ್ಯಾನ್‌ಗೆ ಕಾಗದ ಅದ್ದಿದೆ.

ಹಳದಿ.

"ಕಾಗದ ಹಾಳಾಗಿದೆ" ಅಂದ.

ಇನ್ನೊಂದು ತುಂಡನ್ನು ಗ್ಲೂಕೋಸ್ ಲೋಟಕ್ಕೆ ಅದ್ದಿದೆ. ಹಸಿರು!

ಅವನು ಕುರ್ಚಿಗೆ ಒರಗಿದ. ಆರಾಮಾಗಿ.

"ಡಾಕ್ಟ್ರು ಬರೆದದ್ದು ಕೊಟ್ಟೆ. ಇನ್ಸುಲಿನ್ ಎಂತ ಮಾಡ್ತದೆ ಅಂತ ನಂಗೆಂತ ಗೊತ್ತು?"

ಕೋರ್ಟಿನಲ್ಲಿ ಅಷ್ಟು ಸಾಕು, ನಗುತ್ತಾ ಹೊರಗೆ ಬರುತ್ತಿದ್ದ. ಅದು ನನಗೂ ಗೊತ್ತು.

ಸಿರಿಂಜನ್ನು ಅವನ ತೊಡೆಗೆ ಚುಚ್ಚಿ ಪೂರ್ತಿ ಒತ್ತಿದೆ.

"ಸಕ್ಕರೆ ಕೊಡು! ಬೇಗ... ನಾನು ಊಟ ಮಾಡಿಲ್ಲ, ಸತ್ತು ಹೋಗ್ತೇನೆ!"

"ಯಾಕೆ? ಎಂತ ಮಾಡ್ತದೆ ಅಂತ ಗೊತ್ತಿಲ್ಲ ಅಂದಿಯಲ್ಲ."

ಲೋಟ ನನ್ನ ಕೈಯಲ್ಲೇ ಇತ್ತು. ನಿಧಾನವಾಗಿ ಕದಡುತ್ತಾ ನಿಂತೆ. ಅವನ ಹಣೆಯಲ್ಲಿ ಬೆವರು ಒಡೆಯಿತು. ಮೊಣಕಾಲೂರಿ ಎಲ್ಲ ಬೊಗಳಿದ: ಊಟಕ್ಕೆ ಮುಂಚೆ ಕೊಟ್ಟರೆ ಬೇಗ ಬೀಳ್ತಾಳೆ, ಮೆದುಳು ಮೊದಲು ಹೋಗ್ತದೆ, ಯಾರಿಗೂ ಡೌಟ್ ಬರೋದಿಲ್ಲ...

ಅಚ್ಚ ಕನ್ನಡದಲ್ಲಿ. ಕನ್ನಡ ಬಲ್ಲ ಪೊಲೀಸ್ ಕೊಚ್ಚಿಯಲ್ಲಿ ಇರಬಹುದು ಅಂತ ಅವನು ಎಣಿಸಿರಲಿಲ್ಲ.

ಹಿತ್ತಲ ಬಾಗಿಲಿಂದ ನಿತ್ಯಾನಂದ ಒಳಗೆ ಬಂದ. ಆಗ ಲೋಟ ರತ್ನಾಕರನಿಗೆ ಕೊಟ್ಟೆ.

ಸೌದಾಮಿನಿ ಬದುಕಿದಳು. ಸಂಜೆ ಆಸ್ಪತ್ರೆಯಲ್ಲಿ ಕಣ್ಣಿಗೆ ನೋಟ ಬಂತು. ಮಗುವನ್ನು ಅವಳ ಮಡಿಲಿಗಿಟ್ಟೆ. ತುಂಬ ಹೊತ್ತು ನೋಡಿದಳು.

"ಯಾರ ಮಗು?" ಅಂದಳು.

ಅಲ್ಲಿಂದ ನೇರ ಸ್ಟೇಷನ್ನಿಗೆ ಹೋದೆ. ರತ್ನಾಕರ ಮತ್ತೆ ನಡುಗುತ್ತಿದ್ದ, ಇನ್ಸುಲಿನ್ ಇನ್ನೂ ಇಳಿದಿರಲಿಲ್ಲ. ನಿತ್ಯಾನಂದ ಅವನಿಗೆ ಚಹ ತರಿಸಿದ್ದ.

ಸಕ್ಕರೆ ನಾನೇ ಹಾಕಿದೆ... ಒಂದೊಂದೇ ಕಾಳು.