ಜಾಲಂಧ್ರದ ಹಿಂದಿನ ಹಲ್ಲುಸೆಟ್ಟು

ಕರವಸ್ತ್ರ ಇಟ್ಟಲ್ಲೇ ಇತ್ತು. ಅದರೊಳಗಿನ ಹಲ್ಲುಸೆಟ್ಟು ಇರಲಿಲ್ಲ.

ಅಮೃತಪ್ಪನವರು ಕರವಸ್ತ್ರವನ್ನು ಕೊಡವಿ ನೋಡಿದರು. ತಿರುಗಿಸಿ ಇನ್ನೊಮ್ಮೆ ಕೊಡವಿದರು. ಆಮೇಲೆ ನನ್ನ ಕಡೆ ತಿರುಗಿ, "ಹಫ್ಫು ಹೋಗ್ಯಾವಫ್ಫೋ" ಅಂದರು. ಹಲ್ಲು ಹೋಗ್ಯಾವಪ್ಪೋ ಅಂತ. ಆ ಸ್ಥಿತಿಯಲ್ಲಿ ಅಷ್ಟು ಹೇಳಿದ್ದೇ ದೊಡ್ಡದು.

ನಾನು ಶಿವಪ್ರಕಾಶ, ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಬಸ್ಸು ಗೊತ್ತುಮಾಡುವುದು, ನೀರಿನ ಬಾಟಲಿ ಹಂಚುವುದು, ಎಲ್ಲರ ಕಡೆಯಿಂದ ಬೈಸಿಕೊಳ್ಳುವುದು ನನ್ನ ಖಾತೆ. ಆ ಭಾನುವಾರ ಮಿಯಾಪುರದಿಂದ ಒಂದು ಬಸ್ಸು ತುಂಬ ಜನರನ್ನು ಹಾಕಿಕೊಂಡು, ಕಾರವಾನ್ ಬಡಾವಣೆ ದಾಟಿ ಈ ಹಳೆಯ ಮಸೀದಿಗೆ ಬಂದಿದ್ದೆ. ಕುತುಬ್‌ಶಾಹಿ ಕಾಲದ್ದು. ಸುತ್ತಲಿನ ಜನ ಜಾಲಿ ಮಸೀದಿ ಅನ್ನುತ್ತಾರೆ. ಪಕ್ಕದ ಉದ್ದನೆಯ ಪಡಸಾಲೆಗೆ ಅಂಗಳದ ಕಡೆ ಗೋಡೆಯೇ ಇಲ್ಲ, ಸಾಲಾಗಿ ಕಲ್ಲಿನ ಜಾಲಂಧ್ರಗಳು, ಆ ಜನರ ಬಾಯಲ್ಲಿ ಜಾಲಿ. ಕಲ್ಲಿನ ಚಪ್ಪಡಿಯಲ್ಲಿ ಚುಕ್ಕಿ, ಹೂವು, ಬಳ್ಳಿ ಎಲ್ಲ ಕೊರೆದು ಕಂಡಿ ತೆಗೆದಿದ್ದಾರೆ. ನೋಡುತ್ತ ನಿಂತರೆ ಕಾಲು ನೋಯುವುದೇ ತಿಳಿಯುವುದಿಲ್ಲ.

ಈ ಜಾಲಂಧ್ರಗಳ ಬಗ್ಗೆ ಅಮೃತಪ್ಪನವರ ಭಾಷಣವಿತ್ತು. ಅವರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಇಡೀ ಸರ್ವೀಸು ಮುಗಿಸಿದವರು. ಅಲ್ಲಿ ಏನು ತಯಾರು ಮಾಡುತ್ತಿದ್ದರೆಂದು ಹೆಂಡತಿ ಬಸಲಿಂಗಮ್ಮನವರಿಗೂ ಹೇಳುವಂತಿರಲಿಲ್ಲ. ನಿವೃತ್ತರಾದ ದಿನ ಬಾಯಿಯ ಬೀಗ ತೆಗೆದರು, ಮತ್ತೆ ಹಾಕಲಿಲ್ಲ. ಕಾರ್ಖಾನೆಯ ಗುಟ್ಟನ್ನು ಈಗಲೂ ಬಿಡುವುದಿಲ್ಲ, ಅದೊಂದನ್ನು ಬಿಟ್ಟು ಪ್ರಪಂಚದ ಉಳಿದೆಲ್ಲ ವಿಷಯ ಹೇಳುತ್ತಾರೆ. ಪ್ರತಿ ರಾಜ್ಯೋತ್ಸವಕ್ಕೂ "ನನಗೊಂದೀಟು ಮಾತಾಡಾಕ ಕೊಡ್ರಿ" ಅಂತ ಕೇಳುವರು. ಮಕ್ಕಳ ಡ್ಯಾನ್ಸು ಜಾಸ್ತಿಯಾಗಿದೆ ಅಂತ ನಾವು ಪ್ರತಿ ಸಲ ಜಾರಿಕೊಳ್ಳುವೆವು. ಕೊನೆಗೂ ಈ ಸಲ ಒಪ್ಪಿದ್ದೆವು. ಮುದುಕರು ತಿಂಗಳುಗಟ್ಟಲೆ ಓದಿದ್ದರು, ಹೊಸ ಅಂಗಿ ಹೊಲಿಸಿದ್ದರು. ಅವರ ಜೀವ ಪೂರ್ತಿ ಈ ಒಂದು ಭಾಷಣದ ಮೇಲಿತ್ತು.

ಬಸ್ಸಿನಲ್ಲಿ ಮಂಡಕ್ಕಿಯ ಸೂಸಲ ತಿಂದಾಗ ಶೇಂಗಾ ಚೂರು ಸೆಟ್ಟಿನೊಳಗೆ ಸಿಕ್ಕಿಕೊಂಡಿತಂತೆ. ಗೇಟಿನ ಹೊರಗಿನ ನಲ್ಲಿಯಲ್ಲಿ ಸೆಟ್ಟು ತೊಳೆದು, ಕರವಸ್ತ್ರದಲ್ಲಿ ಸುತ್ತಿ, ಪಡಸಾಲೆಯೊಳಗೆ ಜಾಲಂಧ್ರದ ಬುಡದ ಕಲ್ಲುಕಟ್ಟೆಯ ಮೇಲೆ ಇಟ್ಟರು. ವಸಡಿಗೆ ಒತ್ತುತ್ತದೆಂದು ಮಾತಿನ ಹೊತ್ತಿಗೇ ಹಾಕಿಕೊಳ್ಳುವುದು ಅವರ ಪದ್ಧತಿ. ಮಸೀದಿಯ ಉಸ್ತುವಾರಿ ನೋಡುವ ಮುಷ್ತಾಕ್ ಸಾಹೇಬರ ಜೊತೆ ಮಿನಾರು ನೋಡಿ ಬರುವಷ್ಟರಲ್ಲಿ ಹಲ್ಲು ಮಾಯ.

"ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಹಂಗಾತು" ಅಂದರು ಯಾರೋ ಹಿಂದಿನಿಂದ. ಯಾರೂ ನಗಲಿಲ್ಲ, ಆದರೆ ಬಹಳ ಜನ ಕೆಮ್ಮಿದರು.

*

ತನಿಖೆಯನ್ನು ಹರ್ಷದಾ ಕೈಗೆತ್ತಿಕೊಂಡಳು. ನಮ್ಮ ಅಪಾರ್ಟ್‌ಮೆಂಟಿನವಳೇ. ವಿಮಾ ಕಂಪನಿಯೊಂದರಲ್ಲಿ ವಾಹನ ಅಪಘಾತದ ಕ್ಲೇಮು ಪರೀಕ್ಷಿಸುವ ಕೆಲಸ. "ನಿಂತ ಕಾರಿಗೆ ಎಮ್ಮೆ ಬಂದು ಗುದ್ದಿತು ಮೇಡಂ" ಅನ್ನುವವರನ್ನು ದಿನವೂ ಕಂಡು ಕಂಡು, ಗಂಡ ಗುಡ್ ಮಾರ್ನಿಂಗ್ ಅಂದರೂ ಕಿಟಕಿಯಾಚೆ ನೋಡಿ ಖಾತ್ರಿ ಮಾಡಿಕೊಳ್ಳುವ ಹೆಂಗಸು.

"ಹಲ್ಲು ಹೋದರ ಯಾರಿಗೆ ಲಾಭ ರೀ, ಪ್ರಕಾಶಣ್ಣ?" ಅಂತ ಕೇಳಿದಳು.

ನಾನು ಸುತ್ತ ನೋಡಿದೆ. ಇಡೀ ಬಸ್ಸಿಗೆ ಲಾಭವಿತ್ತು. ನನಗೂ ಇತ್ತು.

ಹಣಮಂತರಾಯರು ಅಷ್ಟರಲ್ಲಿ ತಮ್ಮದೇ ತನಿಖೆ ಶುರುಮಾಡಿದ್ದರು. ಅವರು ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿ ಅಧಿಕಾರಿ. ಲೋಕದಲ್ಲಿ ಕದ್ದ ಮಾಲೆಲ್ಲ ಊಟದ ಡಬ್ಬಿಯಲ್ಲೇ ಹೊರಗೆ ಹೋಗುತ್ತದೆಂದು ಅವರ ನಂಬಿಕೆ. ಬಸ್ಸಿನೊಳಗಿನ ಡಬ್ಬಿಗಳನ್ನೆಲ್ಲ ತೆರೆಸಿದರು. ಸಂಘದ ದುಡ್ಡಿನಲ್ಲಿ ತಂದ ಧಾರವಾಡ ಫೇಡೆ ಖಜಾಂಚಿಯ ಡಬ್ಬಿಯ ತಳದಲ್ಲಿ ಸಿಕ್ಕಿತು. ಹಲ್ಲು ಸಿಗಲಿಲ್ಲ. ಖಜಾಂಚಿ ಆಮೇಲೆ ಇಡೀ ದಿನ ಯಾರ ಜೊತೆಯೂ ಮಾತಾಡಲಿಲ್ಲ.

ಹರ್ಷದಾ ಬಸಲಿಂಗಮ್ಮನವರ ಬಳಿ ಹೋದಳು. ಅವರು ಅಂಗಳದ ಬೇವಿನ ಮರದ ಕೆಳಗೆ ಎಲೆಅಡಿಕೆಯ ಸಂಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಅಮ್ಮಾರ, ನೀವು ಎಲ್ಲಿದ್ರಿ?"

"ಇಲ್ಲೇ ಕುಂತಿದ್ದೆನಲ್ಲವ್ವ. ಏಳಲೇ ಇಲ್ಲ."

"ಏನರೆ ಕಂಡ್ರಿ?"

"ಬೆಕ್ಕು. ಒಳಗ ಆ ಕಟ್ಟಿ ಮ್ಯಾಲ ಬಂತು. ಅರಬಿ ಎಳದು ಬಾಯಾಗ ಏನೋ ಕಚಗೊಂಡು ಹೋತು. ಜಾಲಿಯೊಳಗಿಂದ ಕಂಡೆ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನಾವು. ಬಸ್ಸಿನ ಅರ್ಧ ಮಂದಿ ಬೆಕ್ಕಿನ ಹಿಂದೆ ಓಡಿದೆವು. ಮಸೀದಿಯ ಬಿಳಿ ಬೆಕ್ಕು ಶಹಜಾದಿ ಗೇಟಿನ ಬಳಿ ನಿಲ್ಲಿಸಿದ್ದ ಸ್ಕೂಟರಿನ ಕೆಳಗೆ ಸಿಕ್ಕಿತು. ಬಾಯಲ್ಲಿ ಮೀನಿನ ತಲೆಯಿತ್ತು. ಮುಷ್ತಾಕ್ ಸಾಹೇಬರು ಅದನ್ನು ಎತ್ತಿಕೊಂಡು ತಲೆ ಸವರಿದರು. ತಮ್ಮ ಬೆಕ್ಕು ಮಸೀದಿಯಲ್ಲಿ ಹುಟ್ಟಿದ್ದು, ಪರರ ಸ್ವತ್ತನ್ನು ಮುಟ್ಟುವುದಿಲ್ಲ ಎಂದು ಉರ್ದುವಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು. ಜೊತೆಗೆ, ಮಧ್ಯಾಹ್ನದ ನಮಾಜಿಗೆ ಜನ ಬರುತ್ತಾರೆ, ಅಷ್ಟರೊಳಗೆ ನಿಮ್ಮ ಭಾಷಣ ಮುಗಿಯಲಿ ಎಂದೂ ನೆನಪಿಸಿದರು.

ಅಮೃತಪ್ಪನವರು ಪಡಸಾಲೆಯ ಮೆಟ್ಟಿಲ ಮೇಲೆ ಕೂತು ಖಾಲಿ ಕರವಸ್ತ್ರವನ್ನು ಮಡಿಸುತ್ತಿದ್ದರು. ಮಡಿಸಿ ಬಿಚ್ಚುವರು, ಮತ್ತೆ ಮಡಿಸುವರು. ನನಗೆ ನೋಡಲಾಗಲಿಲ್ಲ.

*

ಆಗ ಹುಡುಗರಲ್ಲೊಬ್ಬ ಬಾಯಿಬಿಟ್ಟು ಕಾರ್ತಿಕನ ಗುಟ್ಟು ಹೊರಬಿತ್ತು. ಕಾರ್ತಿಕ ಹಣಮಂತರಾಯರ ಮಗ, ನಾರಾಯಣಗೂಡದ ಕಾಲೇಜಿನಲ್ಲಿ ಓದುತ್ತಾನೆ. ಭಾಷಣ ಎಷ್ಟು ಹೊತ್ತು ನಡೆಯುತ್ತದೆಂದು ಹುಡುಗರು ಪಂದ್ಯ ಕಟ್ಟಿದ್ದರಂತೆ. ಗೆದ್ದವನಿಗೆ ಬಿರಿಯಾನಿ. ಎಲ್ಲರೂ ಒಂದು ತಾಸು, ಎರಡು ತಾಸು ಅಂತ ಹೇಳಿದ್ದರೆ, ಕಾರ್ತಿಕ ಮಾತ್ರ ಭಾಷಣ ಆಗುವುದೇ ಇಲ್ಲ ಅಂದಿದ್ದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಕಾರ್ತಿಕ ಎರಡೂ ಜೇಬು ಮುಟ್ಟಿಕೊಂಡ. ಹಣಮಂತರಾಯರು ಮಗನ ಕಿವಿ ಹಿಡಿದೇಬಿಟ್ಟರು. ಜೇಬಿನಲ್ಲಿ ಸಿಕ್ಕಿದ್ದು ಮೊಬೈಲು ಮತ್ತು ಬಾಚಣಿಗೆ.

ಉಳಿದ ತಾಸುಗಳನ್ನೆಲ್ಲ ಬೇರೆಯವರು ಹಿಡಿದಿದ್ದರು, ತನಗೆ ಉಳಿದದ್ದು ಅದೊಂದೇ ಎಂದು ಅವನು ಅಳುವ ಧ್ವನಿಯಲ್ಲಿ ಹೇಳಿದ. ಯಾರೂ ನಂಬಲಿಲ್ಲ.

"ಹಲ್ಲು ಹೋದಾಗ ಎಲ್ಲಿದ್ದಿ?" ಹರ್ಷದಾ ಕೇಳಿದಳು.

"ಅಂಗಳದಾಗರೀ ಅಕ್ಕ. ಎಲ್ಲಾರೂ ಆ ಜಾಲಿಗೆ ಬೆನ್ನ ಹಚ್ಚಿ ನಿಂತಿದ್ವಿ. ಒಳಗ ಹೋಗೇ ಇಲ್ಲ."

"ನಿಮ್ಮ ಬೆನ್ನ ಹಿಂದ, ಒಳಗ ಯಾರಿದ್ರು?"

"ಯಾರಿಲ್ಲರೀ. ತಿರುಗಿ ನೋಡೀನಿ. ಏನೂ ಕಾಣಲಿಲ್ಲ, ಬರೇ ಕತ್ತಲಿ."

ಹರ್ಷದಾ ಜಾಲಂಧ್ರದ ಕಡೆ ತಿರುಗಿದಳು. "ಏನೂ ಕಾಣಲಿಲ್ಲ?"

"ಇಲ್ಲರೀ."

"ಪ್ರಕಾಶಣ್ಣ, ಒಳಗ ಹೋಗಿ ಆ ಕಟ್ಟಿ ಹತ್ತರ ನಿಂದ್ರಿ" ಅಂದಳು ನನಗೆ. "ಏನರೆ ಮಾಡ್ರಿ."

ನಾನು ಒಳಗೆ ಹೋದೆ. ಕಟ್ಟೆಯ ಬಳಿ ನಿಂತು ಕೈ ಬೀಸಿದೆ. ಟವೆಲು ಹಾರಿಸಿದೆ. ಹೇಗಿದ್ದರೂ ಹೇಳಿದ್ದಾಳೆಂದು ಹಣಮಂತರಾಯರ ಕಡೆ ನಾಲಿಗೆಯನ್ನೂ ಚಾಚಿದೆ. ಒಳಗಿನಿಂದ ಇಡೀ ಅಂಗಳ ನಿಚ್ಚಳವಾಗಿ ಕಾಣುತ್ತಿತ್ತು. ಹರ್ಷದಾ ಬೇವಿನ ಕೆಳಗೆ ಬಸಲಿಂಗಮ್ಮನವರ ಪಕ್ಕದಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಅವಳ ಹಣೆಯ ಬೊಟ್ಟು ಕೆಂಪೋ ಮರೂನೋ ಅನ್ನುವುದೂ ನನಗೆ ತಿಳಿಯುತ್ತಿತ್ತು.

ಹೊರಗೆ ಬಂದಾಗ, ನಾನು ಏನು ಮಾಡಿದೆ ಎಂದು ಕೇಳಿದೆ. ತನಗೇನೂ ಕಾಣಲಿಲ್ಲ ಅಂದಳು. ಹಣಮಂತರಾಯರ ಮುಖ ನೋಡಿ ಅವರಿಗೂ ಕಂಡಿಲ್ಲವೆಂದು ಖಾತ್ರಿ ಮಾಡಿಕೊಂಡೆ.

ಹರ್ಷದಾ ನನ್ನನ್ನು ಬದಿಗೆ ಕರೆದಳು. ಅವಳ ಮುಖದಲ್ಲಿ ಗೆದ್ದ ಸಂತೋಷವಿರಲಿಲ್ಲ.

"ಹೊರಗ ಬೆಳಕಿನಾಗ ಕುಂತವರಿಗೆ ಒಳಗಿನ ಬೆಕ್ಕು ಹ್ಯಾಂಗ ಕಾಣತೈತ್ರಿ?" ಅಂದಳು ಮೆಲ್ಲಗೆ. "ಒಳಗಿದ್ದವರಿಗೆ ಹೊರಗಿಂದು ಕಾಣತೈತಿ. ಹೊರಗಿದ್ದವರಿಗೆ ಒಳಗ ಬರೇ ಕತ್ತಲಿ. ಜಾಲಿ ಇರೂದ ಅದಕ್ಕ. ಅಮ್ಮಾರು ಬೆಕ್ಕು ಕಂಡಿಲ್ಲ. ಏಳಲೇ ಇಲ್ಲ ಅಂತ ಕೇಳದನ ಹೇಳಿದ್ರು. ಅವರು ಒಳಗ ಹೋಗ್ಯಾರ."

ಸ್ವಂತ ಗಂಡನ ಹಲ್ಲನ್ನು ಯಾರು ಕದಿಯುತ್ತಾರೆ? ಅದೂ ಅವರ ಭಾಷಣದ ದಿನ? ಯಾಕೆ ಅನ್ನುವುದು ತನಗೂ ತಿಳಿದಿಲ್ಲ, ಎಲ್ಲರ ಮುಂದೆ ಹೇಳಲು ಮನಸ್ಸಿಲ್ಲ ಅಂದಳು ಹರ್ಷದಾ. ಬಸ್ಸಿನಲ್ಲಿ ಗುಟ್ಟಾಗಿ ಕೇಳಿದರಾಯಿತು ಅಂತ ನಾನೂ ಅಂದೆ. ಆದರೆ ಹಣಮಂತರಾಯರು ಮಗನ ಕಿವಿ ಹಿಂಡುತ್ತಲೇ ಇದ್ದರು. ತಪ್ಪೊಪ್ಪಿಕೋ ಅಂತ ಅವರು, ನಾನಲ್ಲ ಅಂತ ಅವನು.

ಬಸಲಿಂಗಮ್ಮನವರು ಮರದ ಕೆಳಗಿಂದ ಎದ್ದರು.

"ಆ ಕೂಸಿನ ಕಿವಿ ಬಿಡ್ರಿ. ಹಲ್ಲು ನಾ ತಗೊಂಡೀನಿ."

*

ಸಂಚಿಯ ಒಳಪದರಕ್ಕೆ ಕೈ ಹಾಕಿ ಸೆಟ್ಟನ್ನು ತೆಗೆದರು. ಸುಣ್ಣ, ಕಾಚು, ಅಡಿಕೆ ಪುಡಿ ಎಲ್ಲ ಮೆತ್ತಿಕೊಂಡಿತ್ತು.

ಗಂಡ ಭಾಷಣಕ್ಕೆ ಮೊದಲು ನೀರು ಕುಡಿಯಲಿ ಅಂತ ಬಾಟಲಿ ಇಡಲು ಅವರು ಪಡಸಾಲೆಯೊಳಗೆ ಹೋಗಿದ್ದರಂತೆ. ಜಾಲಂಧ್ರದ ಆಚೆ ಹುಡುಗರು ಬೆನ್ನು ಹಚ್ಚಿ ನಿಂತಿದ್ದರು. ಅವರಿಗೆ ಇವರು ಕಾಣಲಿಲ್ಲ. ಇವರಿಗೆ ಎಲ್ಲ ಕಂಡಿತು, ಎಲ್ಲ ಕೇಳಿಸಿತು. ಒಬ್ಬ ತುಟಿ ಒಳಗೆ ಮಡಚಿ ಅಮೃತಪ್ಪನವರ ಹಾಗೆ ಮಾತಾಡಿ ತೋರಿಸುತ್ತಿದ್ದ. ಇನ್ನೊಬ್ಬ ಭಾಷಣವನ್ನು ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಳಿಸೋಣ, ಊರೆಲ್ಲ ನಗಲಿ ಅಂದ. ದೊಡ್ಡವರೂ ದೂರ ನಿಂತು ನಗುತ್ತಿದ್ದರು. ಆ ದೊಡ್ಡವರಲ್ಲಿ ನಾನಿದ್ದೆ.

"ಇಡೀ ಆಯುಷ್ಯ ಮನಿಯಾಗ ಬಾಯಿ ಮುಚ್ಚಿಗೊಂಡು ಇದ್ರು" ಅಂದರು ಬಸಲಿಂಗಮ್ಮ. "ಇಂದ ಏನ ಕೆಲಸ ಮಾಡಿದ್ರಿ ಅಂದರ, ಊಟಕ್ಕ ಹಾಕು ಅನ್ನೋರು. ಈಗ ಮಾತಾಡಾಕತ್ತ್ಯಾರ. ನನಗ ಭಾಳ ಖುಷಿ ಆಗೈತಿ. ನಗೂ ಮಂದಿ ಮುಂದ ಅವರನ್ನ ನಿಂದರಸಾಕ ನನ್ನ ಜೀವ ಒಪ್ಪಲಿಲ್ಲ. ಹಲ್ಲಿಲ್ಲ ಅಂದರ ಭಾಷಣ ಇಲ್ಲ, ಅಷ್ಟ ತಿಳಕೊಂಡೆ."

ಹುಡುಗರು ನೆಲ ನೋಡಿದರು. ನನಗೆ ಬಹಳ ನಾಚಿಕೆಯಾಯಿತು. ಹಣಮಂತರಾಯರ ಕೈ ಮಗನ ಕಿವಿಯಿಂದ ತಾನಾಗಿ ಜಾರಿತು.

ಅಮೃತಪ್ಪನವರು ಎದ್ದು ಬಂದು ಸೆಟ್ಟನ್ನು ಕೈಗೆ ತೆಗೆದುಕೊಂಡರು. ಸುಣ್ಣ ಮೆತ್ತಿದ್ದನ್ನು ಬಾಯಿಗೆ ಹಾಕುವಂತಿರಲಿಲ್ಲ, ತಿಕ್ಕಿ ತೊಳೆಯುತ್ತ ಕೂತರೆ ನಮಾಜಿನ ಹೊತ್ತಾಗುತ್ತಿತ್ತು. ಅದನ್ನು ಕರವಸ್ತ್ರದಲ್ಲಿ ಸುತ್ತಿ ಹೊಸ ಅಂಗಿಯ ಜೇಬಿಗೆ ಇಳಿಸಿದರು. ಹೆಂಡತಿಯ ಮುಖ ನೋಡಿದರು. ಆಮೇಲೆ ಜಾಲಂಧ್ರದ ಮುಂದೆ ಹೋಗಿ ನಿಂತು, ಹಲ್ಲಿಲ್ಲದ ಬಾಯಲ್ಲೇ ಭಾಷಣ ಶುರುಮಾಡಿದರು.

ಒಂದು ಶಬ್ದವೂ ತಿಳಿಯಲಿಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಆಗ ಬಸಲಿಂಗಮ್ಮನವರು ಸೆರಗು ಸಿಕ್ಕಿಸಿಕೊಂಡು ಗಂಡನ ಪಕ್ಕದಲ್ಲಿ ನಿಂತರು. ದಿನವೂ ರಾತ್ರಿ ಸೆಟ್ಟು ತೆಗೆದಿಟ್ಟ ಮೇಲೆ ಗಂಡ ಆಡುವ ಮಾತನ್ನೆಲ್ಲ ಕೇಳುವವರು ಅವರೊಬ್ಬರೇ ತಾನೆ.

"ಇದು ಒಂದ ಕಲ್ಲು ಅಂತಾರ. ಜೋಡಿಸಿದ್ದಲ್ಲ."

ಅಮೃತಪ್ಪನವರು ಕೈ ಆಡಿಸುತ್ತ ಬಹಳ ಹೊತ್ತು ಮಾತಾಡಿದರು.

"ಕೊರಿಯೂ ಮುಂದ ಒಂದ ಏಟು ತಪ್ಪಿದರ ಇಡೀ ಕಲ್ಲು ಹಾಳು ಅಂತಾರ. ಅದಕ್ಕ ಕೆಲಸದಾಗ ಇದ್ದಾಗ ಕಲ್ಲುಕುಟಿಗರು ಮಾತಾಡತಿದ್ದಿಲ್ಲಂತ."

ಹೀಗೆ ನಡೆಯಿತು. ಅವರು ಒಂದು ಪುಟ ಹೇಳುವರು, ಇವರು ಒಂದು ಸಾಲು ಮಾಡುವರು. ಒಂದು ಸಾಲು ಅಂದರೆ ನಮ್ಮಂಥವರಿಗೂ ಕೇಳಲು ತಾಳ್ಮೆ ಇರುತ್ತದೆ. ಹುಡುಗರು ಮೊಬೈಲು ಜೇಬಿಗಿಟ್ಟು, ಮುಂದೆ ಬಂದು, ಅಜ್ಜ ತೋರಿಸಿದ ಚುಕ್ಕಿಗಳನ್ನು ಕತ್ತೆತ್ತಿ ನೋಡಿದರು. ಮುಷ್ತಾಕ್ ಸಾಹೇಬರು ಬೆಕ್ಕನ್ನು ಹಿಡಿದುಕೊಂಡೇ ಕೇಳಿದರು. ಕನ್ನಡ ಬಾರದಿದ್ದರೂ, ಅಮೃತಪ್ಪನವರು ಹೇಳಿದ್ದು ತಮಗೆ ನಮ್ಮಷ್ಟೇ ತಿಳಿಯಿತು ಎಂದು ಆಮೇಲೆ ಹೇಳಿದರು.

ಕೊನೆಗೆ ಅಮೃತಪ್ಪನವರು ನಮ್ಮ ಕಡೆ ನೋಡುವುದನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದರು. ಕಂಡಿಗಳನ್ನೊಮ್ಮೆ ಮುಟ್ಟಿ, ನಿಧಾನವಾಗಿ ಏನೋ ಹೇಳಿದರು. ಚಿಕ್ಕ ಮಾತು.

ಬಸಲಿಂಗಮ್ಮನವರು ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಹೊದ್ದುಕೊಂಡರು. ನಾವು ಕಾದೆವು.

"ಅಜ್ಜಿ, ಏನಂದ್ರು?" ಕಾರ್ತಿಕ ಕೇಳಿದ.

"ಅದು ನನಗ ಹೇಳಿದ್ದು" ಅಂದರು ಬಸಲಿಂಗಮ್ಮ.

ಇಬ್ಬರೂ ಮುಂದಿನ ಜಾಲಂಧ್ರದ ಕಡೆ ನಡೆದರು. ನಾವು ಹಿಂದೆ ಹೋದೆವು.