ಟಗರಿನ ಕೊರಳಲ್ಲಿ ಡಾಕ್ಟರರ ಗಡಿಯಾರ

“ಹನ್ನೊಂದು ಹೊಡೀತು, ಅಪ್ಪ ಇನ್ನಾ ಮಲಗ್ಯಾನ! ನಿದ್ದಿಗುಳಗಿ ಕೊಡ್ತಿ ಏನ ನೀ?”

ಡಾಬಕಾದಿಂದ ಭಾತಂಬ್ರಾಕ್ಕೆ ಬಂದ ಅಂಜನಾಬಾಯಿ ಚಪ್ಪಲಿ ಬಿಡುವ ಮೊದಲೇ ತಮ್ಮನ ಹೆಂಡತಿಯ ಮೇಲೆ ಹರಿಹಾಯ್ದಳು. ಅಯ್ಯೋ, ಈ ಮಹಾತಾಯಿಗೆ ಸರಿತಾ ಎಷ್ಟು ಸಲ ಹೇಳಬೇಕು! ಮಾವ ಧೊಂಡಿಬಾನಿಗೆ ಪಾರ್ಕಿನ್ಸನ್ ಬಂದು ನಾಲ್ಕು ವರ್ಷವಾಯಿತು. ಹಗಲು ಕೂತಲ್ಲೇ ತೂಕಡಿಕೆ. ಕತ್ತಲಾದರೆ ಕಣ್ಣು ಬಿಟ್ಟುಕೊಂಡು ನೀರು ಕೊಡು, ಮಗ್ಗುಲು ಹೊರಳಿಸು, ಕುರಿ ಬಂದವೇನು ನೋಡು ಎಂಬ ವರಾತ. ಗಂಡ ಓಂಪ್ರಕಾಶ ಔರಾದಿಗೆ ಹೋಗುವ ಬಸ್ಸಿನ ಡ್ರೈವರ್, ಅವನ ನಿದ್ದೆ ಕೆಡಿಸುವಂತಿಲ್ಲ. ಸರಿತಾಳದೇನು ನಿದ್ದೆಯಲ್ಲವೇ?

“ಬೀದರ ಡಾಕ್ಟರು ಮಾವನ ಕೈಗೆ ಗಡಿಯಾರ ಕಟ್ಟ್ಯಾರರಿ ಅಕ್ಕಾ. ಯಾವಾಗ ಮಲಗಿದ್ರು, ಯಾವಾಗ ಎದ್ರು, ಎಲ್ಲಾ ಅದರಾಗ ಬರ್ತದ. ಏಳು ದಿನದ್ದು ನೋಡಿ ಗುಳಗಿ ಹೊತ್ತು ಬದಲಸ್ತಾರ. ಇನ್ನ ಎರಡ ದಿನ ಉಳದಾವ.”

“ಬರಲಿ! ಹಗಲೆಲ್ಲಾ ಮಲಗಿಸಿದ್ದೂ ಬರ್ತದ, ನಿನ್ನ ಬಣ್ಣ ಬಯಲಾಗ್ತದ. ಅವತ್ತೇ ಅಪ್ಪಗ ಡಾಬಕಾಕ್ಕ ಕರ್ಕೊಂಡ ಹೋಗ್ತೇನಿ. ಸೊಸಿ ಹ್ಯಾಂಗ ನೋಡ್ಕೊಂಡಾಳಂತ ಊರೆಲ್ಲಾ ತಿಳೀಲಿ!”

ಒಯ್ಯಲಿ, ಪೀಡೆ ಕಳೆಯಿತು ಎಂದು ಸರಿತಾಳಿಗೆ ಒಂದು ಗಳಿಗೆ ಅನಿಸಿತು. ಆದರೆ ನಾಲ್ಕು ವರ್ಷ ನಿದ್ದೆಗೆಟ್ಟು ಕೊನೆಗೆ ಈ ಹೆಸರೇ? ಛೆ! ಎಚ್ಚರವಾಗಿದ್ದ ಮುದುಕ ಗೋಡೆಯ ಕಡೆ ಮುಖ ಮಾಡಿ ಎಲ್ಲವನ್ನೂ ಕೇಳಿಸಿಕೊಂಡ.

ಏಳನೆಯ ದಿನ ಬೀದರಿಗೆ ಹೊರಡಲು ಅಂಜನಾಬಾಯಿ ಮತ್ತೆ ಬಂದಳು. ಸರಿತಾ ಮಾವನ ಅಂಗಿ ಬದಲಿಸಲು ತೋಳು ಸರಿಸಿದರೆ... ಮಣಿಕಟ್ಟು ಬರಿದು!

“ಗಡಿಯಾರ ಎಲ್ಲ್ಯದರಿ ಮಾವಾ?”

ನಡುಗುವ ಕೈ ಅಂಗಳದತ್ತ ಚಾಚಿತು. ಅಲ್ಲಿ ಮನೆಯ ಟಗರಿನ ಕೊರಳಗಂಟೆಯ ಹಗ್ಗಕ್ಕೆ ಡಾಕ್ಟರರ ಗಡಿಯಾರ ಜೋತುಬಿದ್ದಿತ್ತು!

“ನಿಮಗ ಬುದ್ಧಿ ಅದ ಏನ್ರಿ!” ಸರಿತಾ ಕಿರುಚಿಯೇ ಬಿಟ್ಟಳು. “ಮತ್ತ ಏಳು ದಿನ ಕಟ್ಟಬೇಕಲ್ಲರಿ! ನಾ ಸಾಯಬೇಕೇನು?”

“ನಿನ್ನಿ ಮುಂಜಾನಿ ಕುರಿ ಮೇಸೋ ಮಲ್ಲಿಕಾರ್ಜುನಪ್ಪನ ಕೈಲೆ ನಾನೇ ಕಟ್ಟಿಸ್ದೆ...” ಧೊಂಡಿಬಾನ ದನಿ ಗಂಟಲಲ್ಲೇ ಇಂಗುತ್ತಿತ್ತು. “ಟಗರು ಹಗಲೆಲ್ಲಾ ತಿರಗ್ತದ, ರಾತ್ರಿ ತೆಪ್ಪಗ ಮಲಗ್ತದ. ನಾ ಹಂಗ ಇದ್ದೇನಿ ಅಂತ ಬಂದ್ರ, ನಿನ್ನ ಹೆಸರಿಗೆ ಮಸಿ ಹತ್ತಂಗಿಲ್ಲ ಅಂದ್ಕೊಂಡೆ ಅವ್ವಾ...” ಆಮೇಲೆ ಮಗಳತ್ತ ತಿರುಗಿದ. “ಅಂಜನಾ, ಅಕಿ ಗುಳಗಿ ಕೊಟ್ಟಿಲ್ಲ. ರಾತ್ರಿ ನಂಗ ನಿದ್ದಿ ಇಲ್ಲ. ಅಕಿಗೂ ನಾ ಮಲಗಗೊಡಂಗಿಲ್ಲ.”

“ನನ್ನ ಹೆಸರು ತಗೊಂಡು ಏನ ಮಾಡ್ಲಿ! ನಿಮ್ಮ ಗುಳಗಿ ಹೊತ್ತು ತಪ್ಪಿತಲ್ಲರಿ ಮಾವಾ!” ಸರಿತಾಳ ಸಿಟ್ಟು ಅಳುವಾಗಿ ಒಡೆಯಿತು.

ಅಂಜನಾಬಾಯಿ ಕೈಚೀಲ ಕೆಳಗಿಟ್ಟಳು.

“ನಂದೇ ತಪ್ಪು... ಈ ಏಳೂ ದಿನ ಅಪ್ಪನ ಹತ್ರ ನಾ ಇರ್ತೇನಿ. ನೀ ಹೋಗು, ಮಲಗು.”

“ಇರ್ರಿ! ನಿಮಗೂ ತಿಳೀಲಿ!” ಎಂದು ಸರಿತಾ ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ಬೆನ್ನು ಚಾಪೆಗೆ ತಾಗಿತ್ತಷ್ಟೇ, ಹೊರಗಿನಿಂದ ಮಾವ ನೀರು ಕೇಳಿದ. ತಟ್ಟನೆ ಎದ್ದು ಕೂತಳು.

“ನೀರ ತಂದೇನಿ ಅಪ್ಪಾ,” ಎಂದಿತು ಅಂಜನಾಬಾಯಿಯ ದನಿ.

ಸರಿತಾ ಮತ್ತೆ ಒರಗಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು, ಅಳುತ್ತಲೇ ನಿದ್ದೆ ಹೋದಳು.